ಧಾರವಾಡಕ್ಕೆ ಹೋದ ಮುತ್ತಜ್ಜ

ಸುರೇಬಾನದ ಕಟ್ಟೆಯ ಮೇಲೆ ಯಾರಾದರೂ ತಲೆಬುಡವಿಲ್ಲದ ಮಾತಾಡಿದರೆ, ‘ಇವನ್ನ ಧಾರವಾಡಕ್ಕ ಕಳಸಬೇಕ ನೋಡ್ರಿ’ ಎಂದು ನಗುವುದುಂಟು. ಪೇಡೆಗಾಗಿ ಧಾರವಾಡಕ್ಕೆ ಹೋಗುವವರಿದ್ದಾರೆ, ಕಾಲೇಜಿಗಾಗಿ ಹೋಗುವವರಿದ್ದಾರೆ. ಆದರೆ ಈ ಮಾತಿನ ಧಾರವಾಡ ಬೇರೆ. ಅದು 1845ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯ ಧಾರವಾಡ. ಆ ಆಸ್ಪತ್ರೆಯೇ ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ‘ಡಿಮ್ಹಾನ್ಸ್’. ಕೆಲವು ಮನೆಗಳಲ್ಲಿ ಮಾತ್ರ ಈ ಚೇಷ್ಟೆಗೆ ಹಿರಿಯರು ನಗುವುದಿಲ್ಲ.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುವ ಹೆಳವರನ್ನು ನೆನೆಸಿಕೊಳ್ಳಿ. ಅಂಗಳದಲ್ಲಿ ಕುಳಿತು ಹೊತ್ತಿಗೆ ಬಿಚ್ಚಿ ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಓದುತ್ತಾರೆ. ಹಾಗೆ ಓದುವಾಗ ಒಬ್ಬ ಮುತ್ತಜ್ಜನ ಹೆಸರು ಬಂತೆನ್ನಿ. ಹೆಂಡತಿಯ ಹೆಸರಿದೆ, ಮಕ್ಕಳ ಹೆಸರಿದೆ, ಆತ ಎಲ್ಲಿ ತೀರಿಕೊಂಡ ಎಂಬುದಿಲ್ಲ. ಕೇಳಿದರೆ ಅಜ್ಜಿ ‘ದೇಶಾಂತರ ಹ್ವಾದ್ನಂತ’ ಎಂದು ಒಳಗೆ ಹೋಗುತ್ತಾಳೆ. ಆ ದೇಶಾಂತರ ಸವದತ್ತಿ ದಾರಿಯಲ್ಲಿ ಧಾರವಾಡದವರೆಗೆ ಮಾತ್ರ ಆಗಿರಬಹುದೇ? ಕಾಲೇಜಿಗೆ ಹೋಗುವ ಮರಿಮಗ ಹುಡುಕಲು ಹೊರಟರೆ ಎಲ್ಲಿಂದ ಆರಂಭಿಸಬೇಕು?

ಆಸ್ಪತ್ರೆಯ ಬಾಗಿಲಿಗಿಂತ ಮೊದಲು ಕಚೇರಿಯ ಬಾಗಿಲು. 1858ರ ಕಾಯಿದೆಯ ಪ್ರಕಾರ ದಿಕ್ಕಿಲ್ಲದೆ ಅಲೆಯುವ ಮತಿಭ್ರಾಂತರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ವೈದ್ಯಾಧಿಕಾರಿ ಪ್ರಮಾಣಪತ್ರ ಬರೆದುಕೊಟ್ಟರೆ ಮ್ಯಾಜಿಸ್ಟ್ರೇಟರು ಆಸ್ಪತ್ರೆಗೆ ಸೇರಿಸಲು ಆಜ್ಞೆ ಹೊರಡಿಸುತ್ತಿದ್ದರು. 1912ರ ಕಾಯಿದೆ ಬಂದ ಮೇಲೂ ಮ್ಯಾಜಿಸ್ಟ್ರೇಟರ ಆಜ್ಞೆಯ ಪದ್ಧತಿ ಉಳಿಯಿತು. ಆದ್ದರಿಂದ ಒಬ್ಬ ರೋಗಿಯ ಸುಳಿವು ಆಸ್ಪತ್ರೆಯ ದಾಖಲೆಯಷ್ಟೇ ಪೊಲೀಸು ಮತ್ತು ಕೋರ್ಟಿನ ಕಾಗದಗಳಲ್ಲೂ ಇರಬಹುದು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಮಲಪ್ರಭೆಯ ಈ ನೆಲವೆಲ್ಲ ಒಂದೇ ದೊರೆತನದ್ದಾಗಿರಲಿಲ್ಲ. ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಪಕ್ಕದ ಸವದತ್ತಿಯಾದರೋ ಬ್ರಿಟಿಷ್ ಬೆಳಗಾವಿ ಜಿಲ್ಲೆಯ ಪರಸಗಡ ತಾಲ್ಲೂಕಿನ ಮುಖ್ಯ ಊರು. ಮುತ್ತಜ್ಜನನ್ನು ಯಾವ ಊರ ಸೀಮೆಯಲ್ಲಿ ಹಿಡಿದರು ಎಂಬುದರ ಮೇಲೆ ಕಾಗದ ಯಾವ ಕಟ್ಟಿಗೆ ಸೇರಿತು ಎಂಬುದು ನಿಂತಿದೆ. ಧಾರವಾಡ, ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಹುಡುಕಾಟ ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದವರೆಗೂ ಹೋಗಬೇಕಾದೀತು. ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಹುಡುಕಬೇಕು. ಇಂಗ್ಲಿಷಿನಲ್ಲಿದ್ದರೆ ಬಸಪ್ಪ ‘ಬುಸ್ಸಾಪಾ’ ಆಗಿ ಕುಳಿತಿರಬಹುದು!

ಮುಂಬಯಿ ಪ್ರಾಂತದ ಹುಚ್ಚಾಸ್ಪತ್ರೆಗಳ ವಾರ್ಷಿಕ ವರದಿಗಳು ಮಾತ್ರ ಮನೆಯಲ್ಲೇ ಕುಳಿತು ನೋಡಲು ಸಿಗುತ್ತವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನು ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಅವು ಅಂಕಿಸಂಖ್ಯೆಯ ವರದಿಗಳು. ಎಷ್ಟು ಜನ ಸೇರಿದರು, ಎಷ್ಟು ಜನ ಗುಣವಾಗಿ ಹೋದರು, ಎಷ್ಟು ಜನ ಸತ್ತರು ಎಂಬ ಲೆಕ್ಕ. ಮುತ್ತಜ್ಜ ಅಲ್ಲಿ ಸಿಕ್ಕರೂ ಒಂದು ಅಂಕಿಯಾಗಿಯೇ ಸಿಗುತ್ತಾನೆ.

ಆ ಕೋಷ್ಟಕಗಳಲ್ಲಿ ಹುಚ್ಚಿನ ‘ಕಾರಣ’ ಎಂಬ ಒಂದು ಬಾಬು ಇದೆ. ವಿಜ್ಞಾನದ ವಿದ್ಯಾರ್ಥಿ ತಡೆದು ನಿಲ್ಲಬೇಕಾದ್ದು ಅಲ್ಲಿ. ಗಾಂಜಾ ಸೇದುವುದರಿಂದ ಹುಚ್ಚು ಹಿಡಿಯುತ್ತದೆಯೇ ಎಂದು ತಿಳಿಯಲು 1893-94ರಲ್ಲಿ ಸರಕಾರ ಒಂದು ಆಯೋಗ ನೇಮಿಸಿತು. 1892ರಲ್ಲಿ ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳಿಗೆ ಸೇರಿದ್ದ 1,344 ಜನರ ಪೈಕಿ 222 ಜನರಿಗೆ ಗಾಂಜಾ, ಭಂಗಿಯಂಥ ಪದಾರ್ಥಗಳೇ ಕಾರಣ ಎಂದು ಬರೆಯಲಾಗಿತ್ತು. ಆಯೋಗ ಒಂದೊಂದನ್ನೂ ಮತ್ತೆ ವಿಚಾರಿಸಿತು. ನಿಂತದ್ದು 98 ಮಾತ್ರ. ಉಳಿದವುಗಳಲ್ಲಿ ಬಹಳಷ್ಟನ್ನು ಬಾಬು ಖಾಲಿ ಬಿಡಬಾರದೆಂದು ತುಂಬಿದಂತಿತ್ತು. ಶಾಲೆಯ ಪ್ರಯೋಗ ಪುಸ್ತಕದಲ್ಲಿ ಪ್ರಯೋಗ ಮಾಡದೆಯೇ ‘ಫಲಿತಾಂಶ’ ಬರೆಯುವ ಹುಡುಗರು ಈಗಲೂ ಇದ್ದಾರೆ, ಬಿಡಿ.

ನಿಜವಾದ ಕಾರಣ ಏನಿದ್ದೀತು? ಆಗ ಹುಚ್ಚೆಂದು ಕರೆದದ್ದೆಲ್ಲ ಒಂದೇ ರೋಗವಲ್ಲ. ಮೂರ್ಛೆರೋಗದವರೂ, ಸಿಫಿಲಿಸ್ ಮಿದುಳಿಗೆ ಏರಿದವರೂ ಹುಚ್ಚಾಸ್ಪತ್ರೆ ಸೇರುತ್ತಿದ್ದರು. ಸಿಫಿಲಿಸ್‌ಗೆ ಪೆನಿಸಿಲಿನ್ ಮದ್ದು ಸಿಕ್ಕಿದ್ದು 1940ರ ದಶಕದಲ್ಲಿ. ಜೋಳದ ರೊಟ್ಟಿಯ ನಾಡಿಗೆ ಹತ್ತಿರದ ಇನ್ನೊಂದು ಕಾಯಿಲೆ ಪೆಲಾಗ್ರಾ. ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿ ಕದಡುತ್ತದೆ. ನಯಾಸಿನ್ ಎಂಬ ಬಿ-ಗುಂಪಿನ ಜೀವಸತ್ವದ ಕೊರತೆಯೇ ಇದಕ್ಕೆ ಮೂಲವೆಂದು 1937ರಲ್ಲಿ ತಿಳಿಯಿತು. ಜೋಳವನ್ನೇ ನೆಚ್ಚಿದ್ದ ಹೈದರಾಬಾದ್ ಸುತ್ತಿನ ಬಡವರಲ್ಲಿ ಇದು ಕಾಣಿಸಿಕೊಳ್ಳುವುದನ್ನು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ವರದಿ ಮಾಡಿದರು. ತಪ್ಪು ಜೋಳದ್ದೆನ್ನುವಂತಿಲ್ಲ. ರೊಟ್ಟಿಯ ಜೊತೆ ಬೇಳೆ, ಶೇಂಗಾ, ಹಾಲು ಇದ್ದವರಿಗೆ ಇದರ ಭಯವಿಲ್ಲ. ಬರಗಾಲದಲ್ಲಿ ಬರೀ ರೊಟ್ಟಿ, ಖಾರ ತಿಂದವರ ಮಾತು ಬೇರೆ. ಅಂಥವನೊಬ್ಬ ಮಾತು ತಪ್ಪಿ ಅಲೆದಾಡಿದರೆ ಅವನಿಗೆ ಬೇಕಿದ್ದದ್ದು ಊಟ, ಸಿಕ್ಕಿದ್ದು ಮ್ಯಾಜಿಸ್ಟ್ರೇಟರ ಆಜ್ಞೆ.

ಇಷ್ಟಾಗಿಯೂ ಮನೆಯವರು ಹೆಸರು ಮುಚ್ಚಿಡುವುದೇಕೆ? ಹೆಣ್ಣು-ಗಂಡಿನ ಮಾತುಕತೆಯಲ್ಲಿ ‘ಮನೆತನದಾಗ ಯಾರಿಗರೆ ಇತ್ತೇನ್ರಿ?’ ಎಂಬ ಪ್ರಶ್ನೆ ಬಂದೀತೆಂಬ ಅಂಜಿಕೆ. ಇಲ್ಲಿಯೂ ಲೆಕ್ಕ ನೋಡುವುದು ಒಳ್ಳೆಯದು. ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾ ಯಾರಿಗಾದರೂ ಬರುವ ಸಂಭವ ನೂರಕ್ಕೆ ಸುಮಾರು ಒಂದು. ತಂದೆಗೋ ತಾಯಿಗೋ ಇದ್ದರೆ ಸುಮಾರು ಹತ್ತು. ಮರಿಮಗನಿಗೆ ಮುತ್ತಜ್ಜನಿಂದ ಬರುವ ವಂಶವಾಹಿಗಳು ಸರಾಸರಿ ಎಂಟರಲ್ಲಿ ಒಂದು ಪಾಲು. ಅಷ್ಟು ದೂರದ ರಕ್ತಸಂಬಂಧದಲ್ಲಿ ಸಂಭವ ನೂರಕ್ಕೆ ಸುಮಾರು ಎರಡಕ್ಕೆ ಇಳಿಯುತ್ತದೆ. ನೂರರಲ್ಲಿ 98 ಮಂದಿಗೆ ಏನೂ ಆಗುವುದಿಲ್ಲ. ಮುತ್ತಜ್ಜನದು ಪೆಲಾಗ್ರಾ ಆಗಿದ್ದರಂತೂ ಈ ಲೆಕ್ಕವೇ ಬೇಕಿಲ್ಲ.

ಹಾಗೆಂದು ರೋಗಿಗಳ ಕಾಗದವನ್ನು ಎಲ್ಲರ ಮುಂದೆ ಹರವಲಾಗದು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ವಿವರ ಗುಟ್ಟಾಗಿರಬೇಕೆನ್ನುತ್ತದೆ. ಬದುಕಿರುವವರಿಗೆ ಅದು ಬೇಕೇ ಬೇಕು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಬೇರೆಯದೇ ಪ್ರಶ್ನೆ ಎದ್ದಿತು. ಅಲ್ಲಿಯ ಮಾನಸಿಕ ಆಸ್ಪತ್ರೆಯಲ್ಲಿ ಯಾರೂ ಒಯ್ಯದೆ ಬಿಟ್ಟಿದ್ದ ಸುಮಾರು 3,500 ಜನರ ಚಿತಾಭಸ್ಮ ತಾಮ್ರದ ಡಬ್ಬಿಗಳಲ್ಲಿ ಇದ್ದದ್ದು 2004ರಲ್ಲಿ ಬೆಳಕಿಗೆ ಬಂತು. ಆಮೇಲೆ ಹೆಸರುಗಳ ಪಟ್ಟಿ ಪ್ರಕಟಿಸಿದರು. ಮೊಮ್ಮಕ್ಕಳು, ಮರಿಮಕ್ಕಳು ಬಂದು ತಮ್ಮವರನ್ನು ಮನೆಗೆ ಒಯ್ದರು.

ಹುಡುಕುವವರು ಮುತ್ತಜ್ಜನ ಹೆಸರು, ಅವರ ತಂದೆಯ ಹೆಸರು, ಊರು, ಮನೆ ಬಿಟ್ಟ ಅಂದಾಜು ವರ್ಷ, ತಮಗೂ ಅವರಿಗೂ ಇರುವ ಸಂಬಂಧ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೊರಡಬೇಕು. ವರ್ಷ ನೆನಪಿಲ್ಲದ ಹಿರಿಯರಿಗೂ ‘ಪ್ಲೇಗು ಬಂದ ವರ್ಷ’, ‘ದೊಡ್ಡ ಬರದ ಮರುವರ್ಷ’ ಎಂಬುದು ನೆನಪಿರುತ್ತದೆ. ಅದೂ ಸಾಕು. ಸಾವಿನ ಇಸವಿಯೊಂದು ಸಿಕ್ಕರೆ, ಮುಂದಿನ ಸುಗ್ಗಿಗೆ ಹೆಳವರು ಬಂದಾಗ ‘ಧಾರವಾಡದ ದವಾಖಾನ್ಯಾಗ ತೀರಿಕೊಂಡ್ರು ಅಂತ ಬರಕೋರಿ’ ಎಂದು ಹೇಳಿ, ಒಂದು ಸೇರು ಜೋಳ ಹೆಚ್ಚಿಗೆ ಅಳೆದು ಕೊಡಬಹುದು.