ಹೆಣ್ಣುಮಗಳಿಗೆ ಮೆಕ್ಯಾನಿಕಲ್ ಯಾಕೆ?

ನಮ್ಮ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮದ ನೇರ ಪ್ರಸಾರಕ್ಕೆ ಹಾಸನದ ಕಡೆಯಿಂದ ತಾಯಿಯೊಬ್ಬರು ದೂರವಾಣಿ ಮಾಡಿದ್ದರು. ಮಗಳು ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ, ಮೆಕ್ಯಾನಿಕಲ್ ಇಂಜಿನಿಯರಿಂಗೇ ಬೇಕೆಂದು ಹಠ ಹಿಡಿದಿದ್ದಾಳೆ. "ಕಂಪ್ಯೂಟರ್ ಆದ್ರೆ ಆಗ್ಲಿ ಅಂತೀವಿ ಸಾರ್, ಹೆಣ್ಣುಮಗಳು ಮಿಷಿನ್ ಹತ್ರ ನಿಂತ್ಕೊಂಡು ಏನು ಮಾಡ್ತಾಳೆ?" ಎಂಬುದು ಅವರ ಪ್ರಶ್ನೆ. ಅತಿಥಿಗಳು ಉತ್ತರ ಆರಂಭಿಸುವಷ್ಟರಲ್ಲಿ ಸಮಯ ಮುಗಿಯಿತು. ಕಂಟ್ರೋಲ್ ರೂಮಿನಲ್ಲಿದ್ದ ನಾನೇ ಕೈ ಎತ್ತಿ ಮುಗಿಸಲು ಹೇಳಬೇಕಾಯಿತು. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದೇ ಪ್ರಶ್ನೆ ನಮ್ಮ ಮನೆಯಲ್ಲೂ ಬಂದಿತ್ತು. ನನಗೆ ಸಿ.ಇ.ಟಿ.ಯಲ್ಲಿ ಸೀಟು ಸಿಗುವಂತಿತ್ತು, ಅಪ್ಪ ಬಿ.ಎಸ್‌ಸಿ. ಸೇರಿಸಿದರು. ಅವರದು ಕೆಟ್ಟ ಮನಸ್ಸಲ್ಲ. ಅವರು ಕಂಡಿದ್ದ ಇಂಜಿನಿಯರ್ ಒಬ್ಬರೇ, ರಸ್ತೆ ಕೆಲಸಕ್ಕೆ ಬಿಸಿಲಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದವರು. ಮಗಳನ್ನು ಆ ಜಾಗದಲ್ಲಿ ಊಹಿಸಿಕೊಳ್ಳಲು ಅವರಿಂದ ಆಗಲಿಲ್ಲ.

ಹಾಗಾದರೆ ಮೆಕ್ಯಾನಿಕಲ್ ಇಂಜಿನಿಯರ್ ಏನು ಮಾಡುತ್ತಾರೆ? ಒಂದು ಭಾಗ ಎಷ್ಟು ಭಾರ ತಡೆಯಬೇಕು, ಎಷ್ಟು ಬಿಸಿಯಾಗಬಹುದು ಎಂದು ಲೆಕ್ಕ ಹಾಕುವುದು, ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವುದು, ತಯಾರಾದ ಭಾಗ ಅಳತೆಗೆ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು. ಸಿ.ಎನ್.ಸಿ. ಯಂತ್ರಕ್ಕೆ ಸೂಚನೆಗಳನ್ನು ಬರೆದುಕೊಟ್ಟರೆ ಲೋಹವನ್ನು ಅದೇ ಕೊರೆಯುತ್ತದೆ. ಭಾರವಾದದ್ದನ್ನು ಎತ್ತುವುದು ಕ್ರೇನ್. ಗಂಡಸರೂ ಅದನ್ನು ಕೈಯಿಂದ ಎತ್ತುವುದಿಲ್ಲ. ಶಾಪ್ ಫ್ಲೋರಿನಲ್ಲಿ ನಿಲ್ಲಬೇಕು, ಎಣ್ಣೆ ಮಸಿ ಮೆತ್ತಿಕೊಳ್ಳುತ್ತದೆ ಎನ್ನುವುದು ನಿಜ. ಅಡುಗೆ ಮನೆಯ ಮಸಿಗೆ ಯಾರೂ ತಕರಾರು ಮಾಡಿದ್ದನ್ನು ನಾನು ಕೇಳಿಲ್ಲ.

ತಂದೆಗೆ ಈ ಕೆಲಸದ ಪರಿಚಯವಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮದರಾಸಿನ ಎ. ಲಲಿತಾ ಅವರನ್ನು ನೋಡಬೇಕು. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ವೈಧವ್ಯ, ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣು ಕೂಸು. ತಂದೆ ಪಪ್ಪು ಸುಬ್ಬರಾವ್ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕರು. ಹೆಣ್ಣುಮಕ್ಕಳೇ ಇಲ್ಲದಿದ್ದ ಆ ಕಾಲೇಜಿನ ಪ್ರಾಂಶುಪಾಲರೊಡನೆ ಮಾತನಾಡಿ ಮಗಳನ್ನು ಸೇರಿಸಿದರು. ಮುಂದೆ ಪಿ.ಕೆ. ತ್ರೇಸಿಯಾ, ಲೀಲಮ್ಮ ಜಾರ್ಜ್ ಸಿವಿಲ್ ವಿಭಾಗಕ್ಕೆ ಬಂದರು. 1943ರಲ್ಲಿ ಲಲಿತಾ ಪದವಿ ಪಡೆದಾಗ ಪ್ರಮಾಣಪತ್ರದಲ್ಲಿ ಅಚ್ಚಾಗಿದ್ದ 'ಅವನು' ಎಂಬರ್ಥದ ಇಂಗ್ಲಿಷ್ ಪದವನ್ನು ಹೊಡೆದುಹಾಕಿ 'ಅವಳು' ಎಂದು ತಿದ್ದಬೇಕಾಯಿತು. ಮುಂದೆ ಕಲ್ಕತ್ತೆಯಲ್ಲಿ ಅವರು ವಿದ್ಯುತ್ ಪ್ರಸರಣ ಮಾರ್ಗಗಳ ವಿನ್ಯಾಸ ಮಾಡಿದರು. ಭಾಕ್ರಾ ನಂಗಲ್ ಯೋಜನೆಯಲ್ಲೂ ಅವರ ಕೆಲಸವಿದೆ. ತ್ರೇಸಿಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಅವರನ್ನು ದೂರದರ್ಶನದಲ್ಲಿ ದುಡಿಯುವ ನಾನು ಮರೆಯಬಾರದು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಕಲಿಸಿದರು. ನಮ್ಮ ಕಾರ್ಯಕ್ರಮ ನಿಮ್ಮ ಮನೆ ತಲುಪುವುದೇ ಆ ವಿದ್ಯೆಯಿಂದ.

ಓದಿದರೂ ಕಾರ್ಖಾನೆಯಲ್ಲಿ ಕೆಲಸ ಕೊಡುವುದಿಲ್ಲವಲ್ಲ ಎನ್ನುವವರ ಮಾತಿಗೆ ಬಹುಕಾಲ ಕಾನೂನಿನ ಆಧಾರವೇ ಇತ್ತು. 1948ರ ಕಾರ್ಖಾನೆ ಕಾಯಿದೆಯ 66ನೇ ಕಲಮಿನಂತೆ ಬೆಳಿಗ್ಗೆ 6ರಿಂದ ಸಂಜೆ 7ರ ಹೊರಗೆ ಹೆಂಗಸರನ್ನು ದುಡಿಸುವಂತಿರಲಿಲ್ಲ. ರಕ್ಷಣೆಗೆಂದು ಮಾಡಿದ್ದು. ಆದರೆ ಮೂರು ಪಾಳಿ ನಡೆಸುವ ಮಾಲೀಕರಿಗೆ, ರಾತ್ರಿ ಪಾಳಿಗೆ ಹಾಕಲಾಗದ ಇಂಜಿನಿಯರ್ ಬೇಡ ಎನ್ನಲು ಅದೇ ಸಾಕಾಯಿತು. ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದು, ಮಹಿಳೆಯ ಒಪ್ಪಿಗೆ, ಸಾರಿಗೆ, ಭದ್ರತೆಯ ಷರತ್ತುಗಳೊಡನೆ ರಾತ್ರಿ ಪಾಳಿಗೆ ಅವಕಾಶ ನೀಡಿತು. ಕಾನೂನು ಬದಲಾದ ಕೂಡಲೇ ಸಂದರ್ಶನ ಮಾಡುವವರ ಮನಸ್ಸೂ ಬದಲಾಗುತ್ತದೆಂದು ನಾನು ನಂಬುವುದಿಲ್ಲ. ವಸತಿ, ಸಾರಿಗೆಯ ಬಗ್ಗೆ ಸೇರುವ ಮೊದಲೇ ಧೈರ್ಯವಾಗಿ ಕೇಳಿ.

ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯೂ ಇದೆ. ಲಲಿತಾ ಕೆಲಸ ಹುಡುಕಿದ್ದೇ ಮಗಳನ್ನು ನೋಡಿಕೊಳ್ಳಲು ಬಂಧುಗಳಿದ್ದ ಊರುಗಳಲ್ಲಿ. ಅಳಿಯನನ್ನು ಹುಡುಕುವಾಗ ಇದನ್ನೂ ಒಂದು ಮಾತು ವಿಚಾರಿಸಬಹುದು.

ಇನ್ನು ಖರ್ಚು. ಎ.ಐ.ಸಿ.ಟಿ.ಇ.ಯ 'ಪ್ರಗತಿ' ವಿದ್ಯಾರ್ಥಿವೇತನ ಹುಡುಗಿಯರಿಗೆಂದೇ ಇದೆ: ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಡಿಪ್ಲೊಮಾ ಓದುವವರಿಗೂ ಉಂಟು. ಎಸ್.ಎಸ್.ಎಲ್.ಸಿ. ನಂತರ ಮೂರು ವರ್ಷ ಪಾಲಿಟೆಕ್ನಿಕ್ ಓದಿದವರು ಡಿ.ಸಿ.ಇ.ಟಿ. ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು.

ಹಾಸನದ ಆ ತಾಯಿ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಆಯ್ಕೆಗಳನ್ನು ನಮೂದಿಸುವ ಮುನ್ನ ಮಗಳೊಡನೆ ಹತ್ತಿರದ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿ, ಅನುಮತಿ ಕೇಳಿ, ವರ್ಕ್‌ಶಾಪನ್ನು ಒಂದು ಗಂಟೆ ನೋಡಿಬನ್ನಿ. ಮನೆಯವರನ್ನೂ ಕರೆದುಕೊಂಡು ಹೋಗಿ.