ನಿಮಗಿದು ಗೊತ್ತೆ? ಪಾದದ ಮೂಳೆ ಮುರಿದರೆ ಕಾಲೂರುವುದು ಯಾವಾಗ?

ಒಂದು ಪಾದದಲ್ಲಿ 26 ಮೂಳೆಗಳಿವೆ. ಯಾವ ಮೂಳೆ ಮುರಿದಿದೆ ಎಂಬುದಷ್ಟೇ ಅಲ್ಲ, ಅದರ ಯಾವ ಭಾಗ ಮುರಿದಿದೆ ಎಂಬುದರ ಮೇಲೂ ಕಾಲೂರುವ ದಿನ ನಿರ್ಧಾರವಾಗುತ್ತದೆ.

ಕಿರುಬೆರಳಿನ ಹಿಂದಿರುವ ಐದನೇ ಮೆಟಾಟಾರ್ಸಲ್ ಮೂಳೆಯನ್ನೇ ನೋಡಿ. ಲಿವರ್‌ಪೂಲ್‌ನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ನೃತ್ಯ ಮಾಡುವಾಗ ಇದನ್ನು ಮುರಿದುಕೊಂಡರು. ಎಕ್ಸ್-ರೇ ಬಂದು ಕೆಲವೇ ವರ್ಷಗಳಾಗಿದ್ದ ಕಾಲವದು. ತಮ್ಮದೂ ಸೇರಿದಂತೆ ಇಂಥ ಪ್ರಕರಣಗಳನ್ನು 1902ರಲ್ಲಿ ಪ್ರಕಟಿಸಿದರು. ‘ಜೋನ್ಸ್ ಫ್ರಾಕ್ಚರ್’ ಎಂಬ ಹೆಸರು ಹಾಗೆ ಬಂತು.

ಈ ಮೂಳೆಯ ಹಿಂತುದಿಯ ಚೂರು ಮಾತ್ರ ಕಿತ್ತುಬಂದಿದ್ದರೆ, ಗಟ್ಟಿ ಅಡಿಯ ಶೂ ತೊಟ್ಟು ನೋವು ತಾಳುವಷ್ಟು ಭಾರ ಹಾಕಿ ನಡೆಯಲು ವೈದ್ಯರು ಸಾಮಾನ್ಯವಾಗಿ ಬೇಗನೇ ಬಿಡುತ್ತಾರೆ. ಅದಕ್ಕಿಂತ ತುಸು ಮುಂದಿನ ‘ಜೋನ್ಸ್’ ಜಾಗದಲ್ಲಿ ರಕ್ತ ಪೂರೈಕೆ ಕಡಿಮೆ. ಅಲ್ಲಿ ಮುರಿದರೆ 6ರಿಂದ 8 ವಾರ ಕಾಲೂರಬೇಡಿ ಎನ್ನುವುದುಂಟು. ಕ್ರೀಡಾಪಟುಗಳಿಗೆ ಬಹಳ ಸಲ ಸ್ಕ್ರೂ ಹಾಕುತ್ತಾರೆ.

ಹಾಗೆಂದು ಭಾರ ಮೂಳೆಯ ಶತ್ರುವಲ್ಲ. ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು.

‘ಅರ್ಧ ಭಾರ ಹಾಕಿ’ ಎಂದರೆ ಎಷ್ಟು? ಊರುಗೋಲು ಹಿಡಿದು, ಪೆಟ್ಟಾದ ಕಾಲನ್ನು ತೂಕದ ಯಂತ್ರದ ಮೇಲಿಟ್ಟು ನಿಧಾನವಾಗಿ ಒತ್ತಿ ಅಭ್ಯಾಸ ಮಾಡಿಸುತ್ತಾರೆ. 60 ಕಿಲೋ ತೂಗುವವರಿಗೆ ಮುಳ್ಳು 30 ದಾಟಬಾರದು.

ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಮಂಕಾದವರಿಗೆ ನೋವು ಎಚ್ಚರಿಕೆ ಕೊಡದು. ಅಂಥವರು ‘ನೋವಿಲ್ಲವಲ್ಲ’ ಎಂದು ಹೆಜ್ಜೆ ಊರದೆ, ಎಕ್ಸ್-ರೇ ನೋಡಿದ ವೈದ್ಯರನ್ನು ಕೇಳಿಯೇ ನಡೆಯಬೇಕು.