ಬಿರುಗಾಳಿಯ ಊರಿಗೆ ಬೆಂಕಿ ಆರಿಸುವವರು

ಊರಿಗೆ ಊರೇ ನೀರಿನಲ್ಲಿ ಮುಳುಗಿರುವಾಗ ಬೆಂಕಿ ಆರಿಸುವವರಿಗೆ ಅಲ್ಲೇನು ಕೆಲಸ? ಅಮೆರಿಕದ ದಕ್ಷಿಣ ಕರಾವಳಿಗೆ ದೊಡ್ಡ ಚಂಡಮಾರುತ ಬಡಿದಾಗಲೆಲ್ಲ ನೂರಾರು ಮೈಲಿ ಆಚೆಯ ಊರುಗಳಿಂದ ಅಗ್ನಿಶಾಮಕ ದಳದವರು ಲಾರಿ, ದೋಣಿ, ಗರಗಸಗಳೊಂದಿಗೆ ಸಾಲುಸಾಲಾಗಿ ಹೊರಡುತ್ತಾರೆ. ಇದನ್ನು ನೋಡಿದವರಿಗೆ ಈ ಪ್ರಶ್ನೆ ಏಳುವುದು ಸಹಜ. ಇದರ ಬೆನ್ನಿಗೇ ಇನ್ನೂ ಕೆಲವು ಪ್ರಶ್ನೆಗಳಿವೆ. ಇವರನ್ನು ಕರೆಯುವವರು ಯಾರು? ಸಂಬಳ ಕೊಡುವವರು ಯಾರು? ಅವರು ಬಿಟ್ಟುಬಂದ ಊರಿನಲ್ಲಿ ಆ ರಾತ್ರಿ ಬೆಂಕಿ ಬಿದ್ದರೆ ಗತಿಯೇನು? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಅಮೆರಿಕಕ್ಕೆ ನೂರು ವರ್ಷಗಳೇ ಬೇಕಾದವು. ಆ ಉತ್ತರಗಳ ಹಿಂದೆ ಸುಟ್ಟುಹೋದ ಒಂದು ನಗರವೂ ಮುಳುಗಿಹೋದ ಒಂದು ನಗರವೂ ಇವೆ.

ಅಟ್ಲಾಂಟಿಕ್ ಸಾಗರದಲ್ಲಿ ಎದ್ದು ಅಮೆರಿಕದ ದಡಕ್ಕೆ ಅಪ್ಪಳಿಸುವ ಚಂಡಮಾರುತಕ್ಕೆ ಹರಿಕೇನ್ ಎಂದು ಹೆಸರು. ನಮ್ಮ ಬಂಗಾಳ ಕೊಲ್ಲಿಯಲ್ಲಿ ಅದೇ ಸೈಕ್ಲೋನ್. ಚೀನಾ, ಜಪಾನ್ ಕಡೆಗೆ ಅದೇ ಟೈಫೂನ್. ಹೆಸರು ಯಾವುದಾದರೂ ಪೆಟ್ಟು ಮೂರು ಬಗೆಯದು: ಗಾಳಿ, ಮಳೆ, ಮತ್ತು ದಡ ದಾಟಿ ಒಳನುಗ್ಗುವ ಸಮುದ್ರ. ಈ ಮೂರರ ನಡುವೆ ಬೆಂಕಿಗೂ ಜಾಗವಿದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಗಾಳಿಗೆ ಗ್ಯಾಸ್ ಕೊಳವೆಗಳು ಮುರಿಯುತ್ತವೆ, ವಿದ್ಯುತ್ ತಂತಿಗಳು ಹರಿದು ಬೀಳುತ್ತವೆ, ಕರೆಂಟಿಲ್ಲದ ಮನೆಗಳಲ್ಲಿ ಮೇಣದ ಬತ್ತಿ ಉರಿಯುತ್ತದೆ, ಜನರೇಟರ್ ಓಡುತ್ತದೆ. ಅದೇ ಹೊತ್ತಿಗೆ ಪಂಪುಗಳು ನಿಂತು ಕೊಳಾಯಿಯಲ್ಲಿ ನೀರಿನ ಒತ್ತಡ ಇರುವುದಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್ ನಗರದ ಬಹುಭಾಗ ನೀರಿನಲ್ಲಿ ಮುಳುಗಿದ್ದಾಗಲೇ ಅಲ್ಲಲ್ಲಿ ಕಟ್ಟಡಗಳು ಹೊತ್ತಿ ಉರಿದವು. ಸುತ್ತಲೂ ನೀರಿದ್ದರೂ ಹೋಸ್ ಪೈಪಿಗೆ ನೀರಿಲ್ಲದೆ ಹೆಲಿಕಾಪ್ಟರಿನಿಂದ ನೀರು ಸುರಿಯಬೇಕಾಯಿತು.

ಬೆಂಕಿ ಇಲ್ಲದ ಕಡೆಯೂ ಇವರ ಕೈಗೆ ಕೆಲಸವಿದೆ. ಮನೆಯೊಳಗೆ ತುಂಬಿದ ಹೊಗೆ ಹೊರಹೋಗಲೆಂದು ಚಾವಣಿಯನ್ನು ಕೊಡಲಿಯಿಂದ ಕಡಿದು ತೆರೆಯುವುದು ಪ್ರತಿಯೊಬ್ಬ ಅಗ್ನಿಶಾಮಕನಿಗೂ ಕಲಿಸುವ ಪಾಠ. ನ್ಯೂ ಆರ್ಲಿಯನ್ಸಿನಲ್ಲಿ ನೀರು ಏರಿದಂತೆ ಅಟ್ಟ ಹತ್ತಿ ಕುಳಿತ ಜನ ಅಲ್ಲೇ ಸಿಕ್ಕಿಕೊಂಡಿದ್ದರು. ಅವರನ್ನು ಹೊರತೆಗೆಯಲು ಬೇಕಾದದ್ದು ಇದೇ ವಿದ್ಯೆ. ಕತ್ತಲೆಯಲ್ಲಿ ಅಪರಿಚಿತ ಮನೆ ಹೊಕ್ಕು ಕೋಣೆಯಿಂದ ಕೋಣೆಗೆ ಹುಡುಕುವುದು, ಗಾಯಾಳುವಿಗೆ ಪ್ರಥಮ ಚಿಕಿತ್ಸೆ ಕೊಡುವುದು, ಒಬ್ಬರ ಆಜ್ಞೆಗೆ ಹತ್ತು ಜನ ಒಟ್ಟಾಗಿ ನಡೆಯುವುದು, ಇವೆಲ್ಲ ಅವರಿಗೆ ದಿನನಿತ್ಯದ ಅಭ್ಯಾಸ. ಊರೂರಿನಲ್ಲೂ ಸದಾ ಸಿದ್ಧವಾಗಿರುವ ಇಂಥ ಇನ್ನೊಂದು ಪಡೆ ಇಲ್ಲ. ಆದ್ದರಿಂದಲೇ ಸಂಕಟದಲ್ಲಿರುವ ಊರು ಮೊದಲು ನೆನೆಯುವುದು ಪಕ್ಕದೂರಿನ ಅಗ್ನಿಶಾಮಕ ಠಾಣೆಯನ್ನು.

ತಿರುಪು ಕೂಡದ ಪೈಪುಗಳು

ಒಳ್ಳೆಯ ಮನಸ್ಸೊಂದಿದ್ದರೆ ಸಾಲದು ಎಂಬ ಪಾಠ ಬಂದದ್ದು ಚಂಡಮಾರುತದಿಂದಲ್ಲ, ಬೆಂಕಿಯಿಂದಲೇ. 1904ರ ಫೆಬ್ರವರಿ 7ರ ಭಾನುವಾರ ಬಾಲ್ಟಿಮೋರ್ ನಗರದ ವ್ಯಾಪಾರಿ ಕೇಂದ್ರದಲ್ಲಿ ಬೆಂಕಿ ಹತ್ತಿತು. ತಂತಿ ಸಂದೇಶ ತಲುಪಿದ ಕೆಲವೇ ಗಂಟೆಗಳಲ್ಲಿ ವಾಷಿಂಗ್ಟನ್ನಿನ ಇಂಜಿನ್‌ಗಳು ರೈಲಿನಲ್ಲಿ ಬಂದಿಳಿದವು. ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದಲೂ ನೆರವು ಬಂತು. ಆದರೆ ಬಂದವರು ತಮ್ಮ ಹೋಸ್ ಪೈಪುಗಳನ್ನು ಬೀದಿಯ ಹೈಡ್ರಂಟ್‌ಗಳಿಗೆ ಜೋಡಿಸಹೋದರೆ ತಿರುಪು ಕೂಡಲೇ ಇಲ್ಲ. ಒಂದೊಂದು ನಗರ ಒಂದೊಂದು ಅಳತೆಯ ಕಪ್ಲಿಂಗ್ ಇಟ್ಟುಕೊಂಡಿತ್ತು. ಆಗ ದೇಶದಲ್ಲಿ ಬಳಕೆಯಲ್ಲಿದ್ದ ಬಗೆಗಳು 600ಕ್ಕೂ ಹೆಚ್ಚು ಎಂದು ಮುಂದೆ ಲೆಕ್ಕ ಸಿಕ್ಕಿತು. ನೆರವಿಗೆ ಬಂದವರಲ್ಲಿ ಹಲವರು ಯಂತ್ರ, ಪೈಪು, ಆಳುಗಳೆಲ್ಲ ಇದ್ದೂ ಬೆಂಕಿಯನ್ನು ನೋಡುತ್ತ ನಿಲ್ಲಬೇಕಾಯಿತು. ಮೂವತ್ತು ಗಂಟೆಗಳಲ್ಲಿ ಸುಮಾರು 1,500 ಕಟ್ಟಡಗಳು ಬೂದಿಯಾದವು. ಕೊನೆಗೆ ಬೆಂಕಿಯನ್ನು ತಡೆದದ್ದು ಜೋನ್ಸ್ ಫಾಲ್ಸ್ ಎಂಬ ಹೊಳೆಯ ದಡದಲ್ಲಿ, ಹೈಡ್ರಂಟ್‌ನ ಹಂಗಿಲ್ಲದೆ ಹೊಳೆಯಿಂದಲೇ ನೀರೆತ್ತಿದ ಇಂಜಿನ್‌ಗಳ ಸಾಲು.

ಮರುವರ್ಷ, 1905ರಲ್ಲಿ, ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ ಕಪ್ಲಿಂಗ್‌ಗೆ ಒಂದು ರಾಷ್ಟ್ರೀಯ ಅಳತೆಯನ್ನು ಒಪ್ಪಿಕೊಂಡಿತು. ಎರಡೂವರೆ ಅಂಗುಲದ ಪೈಪಿಗೆ ಪ್ರತಿ ಅಂಗುಲಕ್ಕೆ ಏಳೂವರೆ ತಿರುಪು ಸುತ್ತುಗಳು. ನೋಡಲು ಸಣ್ಣ ವಿಷಯ. ಆದರೆ ದೂರದ ಊರಿನ ನೆರವು ನೆರವಾಗಬೇಕಾದರೆ ಎರಡು ಊರುಗಳ ನಡುವೆ ಏನೋ ಒಂದು ಮೊದಲೇ ಹೊಂದಿಕೊಂಡಿರಬೇಕು ಎಂಬ ತತ್ತ್ವ ಈ ಏಳೂವರೆ ಸುತ್ತಿನಲ್ಲಿದೆ.

ಕಾಗದದ ಮೇಲಿನ ಕಪ್ಲಿಂಗ್

ಪೈಪುಗಳು ಕೂಡಿದ ಮೇಲೂ ಕಾನೂನುಗಳು ಕೂಡಬೇಕಿತ್ತು. ಅಮೆರಿಕದಲ್ಲಿ ಅಗ್ನಿಶಾಮಕ ದಳ ನಗರದ್ದು ಇಲ್ಲವೇ ಜಿಲ್ಲೆಯದು, ಕೇಂದ್ರ ಸರ್ಕಾರದ್ದಲ್ಲ. ಅಲ್ಲಿನ ಅಗ್ನಿಶಾಮಕರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಸಂಬಳವಿಲ್ಲದ ಸ್ವಯಂಸೇವಕರು ಎಂಬುದೂ ಗಮನಾರ್ಹ. ಒಂದು ರಾಜ್ಯದ ಫೈರ್‌ಮನ್ ಇನ್ನೊಂದು ರಾಜ್ಯದಲ್ಲಿ ಕಾಲು ಮುರಿದುಕೊಂಡರೆ ಪರಿಹಾರ ಕೊಡುವವರು ಯಾರು? ಆತ ಒಡೆದ ಬಾಗಿಲಿಗೆ ಮನೆಯ ಯಜಮಾನ ದಾವೆ ಹೂಡಿದರೆ ಉತ್ತರ ಹೇಳುವವರು ಯಾರು? ಆತನ ಪ್ರಥಮ ಚಿಕಿತ್ಸೆಯ ಪರವಾನಗಿ ಗಡಿಯಾಚೆ ನಡೆಯುತ್ತದೆಯೇ?

1992ರ ಆಗಸ್ಟ್ 24ರಂದು ಫ್ಲೋರಿಡಾದ ದಕ್ಷಿಣ ತುದಿಗೆ ಆಂಡ್ರ್ಯೂ ಚಂಡಮಾರುತ ಬಡಿದಾಗ ಈ ಪ್ರಶ್ನೆಗಳು ಕಣ್ಣಿಗೆ ಬಿದ್ದವು. ಡೇಡ್ ಜಿಲ್ಲೆಯೊಂದರಲ್ಲೇ 25 ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಮರುವರ್ಷ ಫ್ಲೋರಿಡಾದ ಗವರ್ನರ್ ಲಾಟನ್ ಚೈಲ್ಸ್ ಅವರ ಮುಂದಾಳತ್ವದಲ್ಲಿ ದಕ್ಷಿಣದ ರಾಜ್ಯಗಳು ಪರಸ್ಪರ ನೆರವಿನ ಒಡಂಬಡಿಕೆಗೆ ಕೈಹಾಕಿದವು. 1996ರಲ್ಲಿ ಅಮೆರಿಕದ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು. ಈಮ್ಯಾಕ್ ಎಂದು ಕರೆಯಲಾಗುವ ಈ ತುರ್ತು ನೆರವಿನ ಒಡಂಬಡಿಕೆಯಲ್ಲಿ ಈಗ ಐವತ್ತೂ ರಾಜ್ಯಗಳಿವೆ.

ಇದರ ನಿಯಮಗಳು ಸರಳ. ಪೀಡಿತ ರಾಜ್ಯದ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿ, ತನಗೆ ಏನು ಬೇಕು, ಎಷ್ಟು ಬೇಕು, ಎಷ್ಟು ದಿನಕ್ಕೆ ಬೇಕು ಎಂದು ಕೇಳಬೇಕು. ಕೊಡಬಲ್ಲ ರಾಜ್ಯ ತನ್ನ ಖರ್ಚಿನ ಅಂದಾಜು ಕಳಿಸುತ್ತದೆ. ಇಬ್ಬರೂ ಸಹಿ ಹಾಕಿದರೆ ಅದು ಕರಾರು. ಗಾಯವಾದರೆ ಪರಿಹಾರ ಕಳಿಸಿದ ರಾಜ್ಯದ್ದು. ಕೆಲಸದ ಹೊಣೆ ಕರೆಸಿಕೊಂಡ ರಾಜ್ಯದ್ದು. ಅಲ್ಲಿ ಪಡೆದ ಪರವಾನಗಿ ಇಲ್ಲಿಯೂ ಸಿಂಧು. ಖರ್ಚನ್ನು ಕರೆಸಿಕೊಂಡವರು ಹಿಂದಿರುಗಿಸಬೇಕು. ರಾಷ್ಟ್ರಾಧ್ಯಕ್ಷರು ವಿಪತ್ತು ಘೋಷಿಸಿದ್ದರೆ ಅರ್ಹ ವೆಚ್ಚದ ಕನಿಷ್ಠ ಶೇಕಡ 75ನ್ನು ಕೇಂದ್ರ ಭರಿಸುತ್ತದೆ. ಒಟ್ಟಿನಲ್ಲಿ ಇದು ಕಾಗದದ ಮೇಲಿನ ಕಪ್ಲಿಂಗ್.

2005ರ ಎರಡು ಚಿತ್ರಗಳು

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಲೂಸಿಯಾನಾ ಮತ್ತು ಮಿಸಿಸಿಪ್ಪಿ ಕರಾವಳಿಗೆ ಬಂದಪ್ಪಳಿಸಿತು. ನ್ಯೂ ಆರ್ಲಿಯನ್ಸಿನ ತಡೆಗೋಡೆಗಳು ಒಡೆದು ನಗರದ ಶೇಕಡ 80ರಷ್ಟು ಭಾಗ ಮುಳುಗಿತು. ಮೊದಲು 1,833 ಎಂದು ಎಣಿಸಲಾಗಿದ್ದ ಒಟ್ಟು ಸಾವುಗಳನ್ನು 2023ರಲ್ಲಿ 1,392 ಎಂದು ತಿದ್ದಲಾಯಿತು. ನಗರದ ಅಗ್ನಿಶಾಮಕರಲ್ಲಿ ಅನೇಕರ ಸ್ವಂತ ಮನೆಗಳೇ ನೀರುಪಾಲಾಗಿದ್ದವು. ದಳದ ಬಳಿ ಸ್ವಂತದ್ದೆನ್ನುವ ಒಂದು ದೋಣಿಯೂ ಇರಲಿಲ್ಲ ಎಂದು ಸೆನೆಟ್ ತನಿಖೆ ಮುಂದೆ ಗುರುತಿಸಿತು. ಸಿಕ್ಕ ದೋಣಿ ಹತ್ತಿ ಅವರು ಜನರನ್ನು ಹೊರತಂದರು.

ಅವರ ಹೆಗಲಿಗೆ ಹೆಗಲು ಕೊಟ್ಟವರಲ್ಲಿ ನ್ಯೂಯಾರ್ಕಿನ 300ಕ್ಕೂ ಹೆಚ್ಚು ಅಗ್ನಿಶಾಮಕರಿದ್ದರು. ಅವರ ಜೊತೆ ಒಂದು ಬೆಂಕಿ ವಾಹನವೂ ಬಂತು. ಅದರ ಹೆಸರೇ 'ಸ್ಪಿರಿಟ್ ಆಫ್ ಲೂಸಿಯಾನಾ'. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ದಳ ತನ್ನ 343 ಮಂದಿಯನ್ನು ಕಳೆದುಕೊಂಡಾಗ ಲೂಸಿಯಾನಾದ ಜನ ಚಂದಾ ಎತ್ತಿ, ತಮ್ಮ ರಾಜ್ಯದಲ್ಲೇ ಕಟ್ಟಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಕಳಿಸಿದ್ದ ವಾಹನ ಅದು. ನಾಲ್ಕು ವರ್ಷಗಳ ನಂತರ ಅದೇ ವಾಹನ ತವರಿಗೆ ನೆರವಾಗಿ ಬಂತು. ಇಲಿನಾಯ್ ರಾಜ್ಯದ ಅನೇಕ ಸಣ್ಣಪುಟ್ಟ ಊರುಗಳ ಇಂಜಿನ್‌ಗಳೂ ಬಂದವು. ಬಂದವರು ಸ್ಥಳೀಯ ದಳದೊಡನೆ ನಿಂತು ಅವರ ಪಾಳಿ ಹಂಚಿಕೊಂಡರು; ವಾರಗಟ್ಟಲೆ ನಿದ್ದೆ ಕಾಣದವರಿಗೆ ಮನೆಯವರನ್ನು ಹುಡುಕಿ ಹೊರಡಲು ಬಿಡುವು ದೊರೆಯಿತು. ಆ ವರ್ಷದ ಚಂಡಮಾರುತಗಳಿಗಾಗಿ ಈಮ್ಯಾಕ್ ಮೂಲಕ ಗಡಿ ದಾಟಿದವರು, ರಾಜ್ಯಗಳ ನ್ಯಾಷನಲ್ ಗಾರ್ಡ್ ಸೈನಿಕರೂ ಸೇರಿ, ಸುಮಾರು 65 ಸಾವಿರ.

ಇನ್ನೊಂದು ಚಿತ್ರ ಅಟ್ಲಾಂಟಾ ನಗರದ್ದು. ಕೇಂದ್ರದ ತುರ್ತು ನಿರ್ವಹಣಾ ಸಂಸ್ಥೆ ಫೀಮಾ, ಇಬ್ಬಿಬ್ಬರ ಒಂದು ಸಾವಿರ ತಂಡಗಳು ಬೇಕೆಂದು ದೇಶದ ಅಗ್ನಿಶಾಮಕ ದಳಗಳನ್ನು ಕೇಳಿತು. ಬಹಳ ಮಂದಿ ಜೀವ ಉಳಿಸಲು ಹೋಗುತ್ತಿದ್ದೇವೆ ಎಂದುಕೊಂಡು ತಮ್ಮ ಸಲಕರಣೆಗಳನ್ನು ಹೊತ್ತು ಬಂದರು. ಅಟ್ಲಾಂಟಾದ ಹೋಟೆಲಿನಲ್ಲಿ ಅವರಿಗೆ ಸಿಕ್ಕಿದ್ದು ಫೀಮಾದ ಇತಿಹಾಸ ಮತ್ತು ಲೈಂಗಿಕ ಕಿರುಕುಳ ತಡೆಯ ಕುರಿತು ಪಾಠ. ಕೆಲಸವೇನೆಂದರೆ ಸಂತ್ರಸ್ತರಿಗೆ ಫೀಮಾದ ದೂರವಾಣಿ ಸಂಖ್ಯೆ ಇರುವ ಕರಪತ್ರ ಹಂಚುವುದು. ನ್ಯೂ ಆರ್ಲಿಯನ್ಸಿನಿಂದ ನೆರವಿಗಾಗಿ ಮೊರೆ ಬರುತ್ತಿರುವುದನ್ನು ಟಿ.ವಿ.ಯಲ್ಲಿ ನೋಡುತ್ತ ಇವರು ಕಾದು ಕುಳಿತರು. ಸಿಟ್ಟು ಪತ್ರಿಕೆಗಳವರೆಗೆ ಹೋಯಿತು.

ನ್ಯಾಯವಾಗಿ ನೋಡಿದರೆ ಫೀಮಾದ ಮಾತಿನಲ್ಲೂ ಹುರುಳಿತ್ತು. ಇದು ಜನಸಂಪರ್ಕದ ಕೆಲಸವೆಂದು ಕರೆಯಲ್ಲೇ ಹೇಳಿದ್ದೆವು ಎಂದು ಅದು ಉತ್ತರಿಸಿತು. ಮನೆ ಕಳೆದುಕೊಂಡವರ ಹೆಸರು ನೋಂದಾಯಿಸುವುದು ಸಣ್ಣ ಕೆಲಸವೂ ಅಲ್ಲ. ಜನ ನಂಬುವ ಸಮವಸ್ತ್ರ ಅಗ್ನಿಶಾಮಕರದ್ದು ಎಂಬುದೂ ನಿಜ. ಆದರೆ ಚಾವಣಿ ಕಡಿಯಬಲ್ಲ ಕೈಗೆ ಕರಪತ್ರ ಕೊಟ್ಟರೆ, ಕರಪತ್ರ ಹಂಚಬಲ್ಲ ಸಾವಿರಾರು ಮಂದಿ ಬೇರೆಡೆ ಇರುವಾಗ, ನಷ್ಟ ಯಾರದು? 1904ರಲ್ಲಿ ತಿರುಪು ಕೂಡಿರಲಿಲ್ಲ. 2005ರಲ್ಲಿ ಕೇಳಿದ್ದಕ್ಕೂ ಬಂದದ್ದಕ್ಕೂ ಕೂಡಲಿಲ್ಲ.

ಗೋಡೆಯ ಮೇಲಿನ ಗುರುತು

ಸರಿಯಾಗಿ ಕೂಡಿದರೆ ಹೇಗಿರುತ್ತದೆ ಎಂಬುದಕ್ಕೂ ಅದೇ ನಗರದಲ್ಲಿ ಸಾಕ್ಷಿಯಿತ್ತು. ಫೀಮಾ ಜೊತೆಗೂಡಿರುವ 28 ನಗರ ಶೋಧ ಮತ್ತು ರಕ್ಷಣಾ ಪಡೆಗಳು ದೇಶದ ಬೇರೆಬೇರೆ ಕಡೆ ಇವೆ. ಇವು ಬಹುಮಟ್ಟಿಗೆ ಸ್ಥಳೀಯ ಅಗ್ನಿಶಾಮಕ ದಳಗಳ ಸುತ್ತ ಕಟ್ಟಿದವು. ಪೂರ್ಣ ಪಡೆಯೆಂದರೆ ಸುಮಾರು 70 ಜನ. ಅವರಲ್ಲಿ ವೈದ್ಯರು, ಇಂಜಿನಿಯರುಗಳು, ನಾಯಿಗಳನ್ನು ನಡೆಸುವವರೂ ಇರುತ್ತಾರೆ. ಮೊದಲ 72 ಗಂಟೆ ಊಟ, ನೀರು, ಮಲಗುವ ಜಾಗಕ್ಕಾಗಿ ಪೀಡಿತ ಊರನ್ನು ಬೇಡಬಾರದು ಎಂಬುದು ಅವರ ನಿಯಮ. ಹಸಿದವರ ಮನೆಗೆ ಬುತ್ತಿ ಕಟ್ಟಿಕೊಂಡೇ ಹೋಗುವ ನೆಂಟರಿದ್ದಂತೆ.

ಇವರು ನ್ಯೂ ಆರ್ಲಿಯನ್ಸಿನ ಮನೆಮನೆಯ ಮುಂದೆ ಬಣ್ಣದಲ್ಲಿ ಬರೆದುಹೋದ ಗುರುತನ್ನು ಜಗತ್ತೇ ನೋಡಿತು. ಅದು ನಮ್ಮ ಶಾಲಾ ಮಕ್ಕಳು ಇಂಟು ಮಾರ್ಕು ಎನ್ನುವ ಚಿಹ್ನೆ. ಒಳಹೋಗುವಾಗ ಒಂದು ಓರೆ ಗೆರೆ, ಹೊರಬಂದಾಗ ಅದನ್ನು ಕತ್ತರಿಸುವ ಇನ್ನೊಂದು. ಎಡಭಾಗದಲ್ಲಿ ಪಡೆಯ ಹೆಸರು, ಮೇಲೆ ದಿನಾಂಕ ಮತ್ತು ಹೊತ್ತು, ಬಲಕ್ಕೆ ಒಳಗಿರುವ ಅಪಾಯ, ಕೆಳಗೆ ಸಿಕ್ಕವರ ಸಂಖ್ಯೆ: ಬದುಕಿದ್ದವರೆಷ್ಟು, ಸತ್ತವರೆಷ್ಟು. ಬೀದಿಯ ಹೆಸರನ್ನೂ ಅರಿಯದ ದೂರದ ತಂಡ, ತನ್ನ ನಂತರ ಬರುವ ಇನ್ನೊಂದು ಅಪರಿಚಿತ ತಂಡಕ್ಕೆ ಹೇಳಿಹೋದ ಮಾತು ಅದು. ಒಂದೇ ಮನೆಯನ್ನು ಎರಡು ಬಾರಿ ಹುಡುಕಿ ಪಕ್ಕದ ಮನೆಯನ್ನು ಬಿಟ್ಟುಬಿಡುವ ಅನಾಹುತ ಇದರಿಂದ ತಪ್ಪುತ್ತದೆ. ನೀರು ಇಳಿದು ಊರು ಮತ್ತೆ ಎದ್ದಮೇಲೂ ಕೆಲವರು ತಮ್ಮ ಗೋಡೆಯ ಆ ಗುರುತನ್ನು ಅಳಿಸದೆ ಉಳಿಸಿಕೊಂಡರು.

ಮನೆ ಕಾಯುವವರು

ಕೊನೆಯ ಪ್ರಶ್ನೆ ಉಳಿಯಿತು. ಕಳಿಸಿದ ಊರನ್ನು ಕಾಯುವವರು ಯಾರು? ಇದಕ್ಕೆ ಒಳ್ಳೆಯ ಉತ್ತರವೊಂದು 1960ರ ದಶಕದ ಕೊನೆಯಲ್ಲಿ ಷಿಕಾಗೋ ಸುತ್ತಲಿನ ಊರುಗಳಲ್ಲಿ ಹುಟ್ಟಿತು. ಮಾಬಾಸ್ ಎಂಬ ಆ ವ್ಯವಸ್ಥೆಯಲ್ಲಿ ಪ್ರತಿ ಊರೂ ಮುಂಚಿತವಾಗಿ ಒಂದು ಪಟ್ಟಿ ಬರೆದಿಟ್ಟಿರುತ್ತದೆ. ಮೊದಲ ಕರೆಗೆ ಯಾವ ಊರಿನಿಂದ ಯಾವ ವಾಹನ, ಎರಡನೆಯ ಕರೆಗೆ ಯಾವುದು, ಮತ್ತು ಆ ವಾಹನ ಹೊರಟಮೇಲೆ ಬರಿದಾದ ಠಾಣೆಗೆ ಬಂದು ನಿಲ್ಲುವ ವಾಹನ ಯಾವುದು ಎಂದು ಅದರಲ್ಲಿರುತ್ತದೆ. ಒಂದೇ ಊರನ್ನು ಬರಿದು ಮಾಡುವ ಬದಲು ಹತ್ತೂರುಗಳಿಂದ ಒಂದೊಂದು ಹಿಡಿ. 2005ರಲ್ಲಿ ಇಲಿನಾಯ್ ಅಷ್ಟು ಬೇಗ ಅಷ್ಟು ದೂರ ನೆರವು ಕಳಿಸಲು ಸಾಧ್ಯವಾದದ್ದು ಈ ಹಳೆಯ ಪಟ್ಟಿಗಳ ಬಲದಿಂದ.

ಆದರೂ ಕಳಿಸುವ ಊರಿಗೆ ಕಷ್ಟ ತಪ್ಪಿದ್ದಲ್ಲ. ಉಳಿದವರು ಹೆಚ್ಚುವರಿ ಪಾಳಿ ಮಾಡಬೇಕು. ಪುರಸಭೆ ಮೊದಲು ತನ್ನ ಕೈಯಿಂದ ಖರ್ಚು ಮಾಡಿ ಮರುಪಾವತಿಗೆ ತಿಂಗಳುಗಟ್ಟಲೆ ಕಾಯಬೇಕು. ಸ್ವಯಂಸೇವಕನಾದರೆ ತನ್ನ ಕೆಲಸಕ್ಕೆ ರಜೆ ಹಾಕಿ ಹೋಗಬೇಕು. ಕರೆ ಇಲ್ಲದೆ ತಾವಾಗಿ ಹೊರಡಬೇಡಿ ಎಂದು ಅಧಿಕಾರಿಗಳು ಪ್ರತಿಬಾರಿ ಹೇಳುವುದು ಇದಕ್ಕಾಗಿಯೇ. ಕರೆಯದೆ ಬಂದವರಿಗೆ ಊಟ, ಇಂಧನ, ದಾರಿ ಒದಗಿಸುವುದು ಮುಳುಗುತ್ತಿರುವ ಊರಿಗೆ ಇನ್ನೊಂದು ಹೊರೆ. 2017ರಲ್ಲಿ ಟೆಕ್ಸಾಸ್‌ಗೆ ಹಾರ್ವೆ ಚಂಡಮಾರುತ ಬಂದಾಗ 28 ಶೋಧ ಪಡೆಗಳೂ ಹೊರಟವು. ಈ ಬಾರಿ ದೋಣಿಗಳನ್ನೂ ಕೊಂಡೊಯ್ದರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ದೂರದ ಊರಿಗೆ ನೆರವು ಕಳಿಸುವ ವಿದ್ಯೆಯ ಸಾರವೂ ಅದೇ. ತಿರುಪಿನ ಅಳತೆ, ಸಹಿ ಹಾಕಿದ ಕರಾರು, ಬರೆದಿಟ್ಟ ಪಟ್ಟಿ, ಗೋಡೆಯ ಮೇಲಿನ ಗುರುತು, ಇವೆಲ್ಲ ಬೆಂಕಿ ಬೀಳುವ ಮೊದಲೇ ತೋಡಿಟ್ಟ ಬಾವಿಗಳು. ಬಿರುಗಾಳಿಯ ರಾತ್ರಿ ಹೊರಡುವವರ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಧೈರ್ಯ ಹೋಟೆಲಿನ ಕೋಣೆಯಲ್ಲಿ ಕಾಯುತ್ತ ಕೂರುತ್ತದೆಯೋ, ಅಟ್ಟದಲ್ಲಿ ಸಿಕ್ಕಿಕೊಂಡವರ ಬಳಿಗೆ ತಲುಪುತ್ತದೆಯೋ ಎಂಬುದನ್ನು ನಿರ್ಧರಿಸುವುದು ಮಾತ್ರ ಬಿಸಿಲಿನ ದಿನಗಳಲ್ಲಿ, ಯಾರೂ ಗಮನಿಸದ ಕಚೇರಿಗಳಲ್ಲಿ, ಮೇಜಿನ ಮುಂದೆ ಕುಳಿತು ಮಾಡಿದ ಕೆಲಸ.